ಬಸಿಗಾಲುವೆ ರಿಪೇರಿ ಕೆಳಗಿನಿಂದ ಶುರುವಾಗಬೇಕು

(ಭದ್ರಾ ಅಚ್ಚುಕಟ್ಟಿನ ದಾವಣಗೆರೆ ಭಾಗದ ರೈತರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಾಲೆಯಲ್ಲಿ ಎಷ್ಟು ನೀರು ಬರುತ್ತಿದೆ ಅಂತ ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಲ್ಲಿ ಇವತ್ತು ನೀರು ಎಷ್ಟು ಅಡಿ ಅಂತ ಕೇಳಿದರೆ ಪೇಪರ್ ನೋಡದವರೂ ಹೇಳುತ್ತೀರಿ. 186 ಅಡಿ ಮುಟ್ಟಿತು ಅಂದರೆ ಎಲ್ಲರಿಗೂ ಖುಷಿ. ನೀರು ಬಿಡುವುದು ತಡವಾದರೆ ರಸ್ತೆಗೆ ಇಳಿಯುತ್ತೇವೆ, ಇಳಿಯಲೇಬೇಕು. ನಾನು ಕೇಳುವುದು ಇನ್ನೊಂದು ಪ್ರಶ್ನೆ. ನಿಮ್ಮ ಗದ್ದೆಯಿಂದ ಹೊರಗೆ ಹೋದ ನೀರು ಯಾವ ಬಸಿಗಾಲುವೆಗೆ ಬೀಳುತ್ತದೆ? ಆ ಬಸಿಗಾಲುವೆ ಎಲ್ಲಿ ಹಳ್ಳ ಸೇರುತ್ತದೆ? ಆ ಜಾಗಕ್ಕೆ ನೀವು ಕೊನೆಯ ಸಲ ಹೋಗಿದ್ದು ಯಾವಾಗ? ಕೈ ಎತ್ತಿದವರು ಬಹಳ ಕಡಿಮೆ. ಇದಕ್ಕೇ ಇವತ್ತು ಬಂದಿದ್ದೇನೆ.

ಭದ್ರಾ ಅಣೆಕಟ್ಟು ಮುಗಿದಿದ್ದು 1965ರಲ್ಲಿ. ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರಿಗಿಂತ ಜಾಸ್ತಿ. ನಾಲೆ, ಉಪನಾಲೆ, ಹೊಲಗಾಲುವೆ ತೋಡಿದ ಕಾಲದಲ್ಲೇ ಬಸಿಗಾಲುವೆಗಳನ್ನೂ ತೋಡಿದರು, ಕೆಲವು ಕಡೆ ಮೊದಲೇ ಇದ್ದ ಸಣ್ಣ ಹಳ್ಳಗಳನ್ನೇ ನೇರ ಮಾಡಿ ಬಿಟ್ಟರು. ಅಂದರೆ ಇವುಗಳಿಗೆ ಈಗ ಐವತ್ತು ಅರವತ್ತು ವರ್ಷ. ನಾಲೆ ಆಧುನೀಕರಣ ಅಂತ ಆಗಾಗ ಕೆಲಸ ಆಗುತ್ತದೆ, ಕಾಂಕ್ರೀಟ್ ಬೀಳುತ್ತದೆ, ತೂಬಿಗೆ ಹೊಸ ಗೇಟು ಬರುತ್ತದೆ. ಬಸಿಗಾಲುವೆಗೆ ಯಾರೂ ಗಲಾಟೆ ಮಾಡುವುದಿಲ್ಲ, ಹಾಗಾಗಿ ಅದರ ಪಾಲಿಗೆ ದುಡ್ಡೂ ಬರುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಈ ಯೋಜನೆ ಮಾಡಿದಾಗ ಇಡೀ ಅಚ್ಚುಕಟ್ಟಿಗೆ ಭತ್ತ ಅಂತ ಲೆಕ್ಕ ಹಾಕಿರಲಿಲ್ಲ. ದೊಡ್ಡ ಭಾಗಕ್ಕೆ ಅರೆ ಖುಷ್ಕಿ ಬೆಳೆ ಅಂತ ಇತ್ತು. ಜೋಳ, ಹತ್ತಿ, ಶೇಂಗಾ ಥರದ್ದು. ನೀರು ಬಂದ ಮೇಲೆ ಎಲ್ಲ ಕಡೆ ಭತ್ತ ಆಯಿತು, ಎರಡು ಬೆಳೆ ಆಯಿತು, ಈಗ ಅಡಿಕೆ ಆಗುತ್ತಿದೆ. ತಪ್ಪು ಸರಿ ಇವತ್ತು ಮಾತಾಡಲ್ಲ. ರೈತ ಯಾವುದು ಉಳಿಸುತ್ತದೋ ಅದನ್ನು ಬೆಳೆಯುತ್ತಾನೆ. ಆದರೆ ಜೋಳಕ್ಕೆ ಲೆಕ್ಕ ಹಾಕಿ ತೋಡಿದ ಬಸಿಗಾಲುವೆ ಮೂರು ನಾಲ್ಕು ತಿಂಗಳು ನೀರು ನಿಲ್ಲಿಸುವ ಗದ್ದೆಯ ಸೋರು ನೀರನ್ನು ಹೊರಬೇಕಾಗಿದೆ. ಆದ್ದರಿಂದ ಹೂಳು ತೆಗೆದು ಹಳೆಯ ಅಳತೆಗೆ ತಂದುಬಿಟ್ಟರೆ ಸಾಕು ಅನ್ನುವ ಮಾತು ಎಲ್ಲ ಕಡೆ ನಡೆಯಲ್ಲ. ಕೆಲವು ಕಡೆ ಅಗಲ, ಆಳ ಎರಡನ್ನೂ ಹೊಸದಾಗಿ ಲೆಕ್ಕ ಹಾಕಬೇಕು.

ಲೆಕ್ಕ ಅಂದೆನಲ್ಲ, ಒಂದು ಹೇಳಿಬಿಡುತ್ತೇನೆ. ಒಂದು ಎಕರೆಗೆ 100 ಮಿ.ಮೀ. ಮಳೆ ಬಿದ್ದರೆ ಸುಮಾರು 4 ಲಕ್ಷ ಲೀಟರ್ ನೀರು. ಒಂದು ಬಸಿಗಾಲುವೆಗೆ 500 ಎಕರೆ ಸೇರುತ್ತದೆ ಅಂತ ಇಟ್ಟುಕೊಳ್ಳಿ. 20 ಕೋಟಿ ಲೀಟರ್ ಆಯಿತು. ಗದ್ದೆ ತುಂಬಿದೆ, ಮಣ್ಣು ಆಗಲೇ ನೆಂದಿದೆ, ಹಾಗಾಗಿ ಹೆಚ್ಚುಕಡಿಮೆ ಎಲ್ಲವೂ ಹೊರಗೆ ಹೋಗಬೇಕು. ಎರಡು ದಿನದಲ್ಲಿ ಹೋಗಬೇಕು ಅಂದರೆ ಬಸಿಗಾಲುವೆಯಲ್ಲಿ ಹಗಲು ರಾತ್ರಿ 40 ಕ್ಯೂಸೆಕ್, ಅಂದರೆ ಸೆಕೆಂಡಿಗೆ 40 ಘನ ಅಡಿ ಹರಿಯಬೇಕು. ನಿಮ್ಮೂರಿನ ಬಸಿಗಾಲುವೆಯನ್ನು ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. ಜೊಂಡು ಆಳೆತ್ತರ, ನಡುವೆ ಒಂದಡಿ ಪೈಪಿನ ಮೋರಿ. ಅದರಲ್ಲಿ 40 ಕ್ಯೂಸೆಕ್ ಹೋಗುತ್ತದಾ?

ನಮ್ಮ ಎರೆ ಭೂಮಿಯ, ಅಂದರೆ ಕಪ್ಪು ಮಣ್ಣಿನ ಸ್ವಭಾವ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಬೇಸಿಗೆಯಲ್ಲಿ ಕೈ ಹಿಡಿಯುವಷ್ಟು ಬಿರುಕು ಬಿಡುತ್ತದೆ, ನೆಂದ ಮೇಲೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡ ಮೇಲೆ ನೀರು ಕೆಳಗೆ ಇಳಿಯುವುದು ಬಹಳ ನಿಧಾನ. ಮಸಾರೆಯಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ ಒಂದು ವಾರಕ್ಕೆ ಇಳಿಯುವ ನೀರು ಇಲ್ಲಿ ತಿಂಗಳಾದರೂ ನಿಂತಿರುತ್ತದೆ. ಮೇಲಿನ ಮಸಾರೆ ಭಾಗದಲ್ಲಿ ನಾಲೆ ಹೋಗಿದ್ದರೆ ಅದರ ಸೋರು ನೀರೂ ನೆಲದೊಳಗೇ ಹರಿದು ಬಂದು ಕೆಳಗಿನ ಎರೆ ಹೊಲದಲ್ಲಿ ಏಳುತ್ತದೆ. ಅಡಿನೀರು ನೆಲದಿಂದ 2 ಮೀಟರ್ ಒಳಗೆ ಬಂದರೆ ಸರ್ಕಾರದ ಲೆಕ್ಕದಲ್ಲಿ ಅದು ಜೌಗು ಭೂಮಿ. ನಿಮ್ಮಲ್ಲಿ ಎಷ್ಟೋ ಜನರ ಹೊಲದಲ್ಲಿ ನಾಲೆ ಬಂದ್ ಆಗಿ ತಿಂಗಳಾದ ಮೇಲೂ ಮೊಣಕಾಲುದ್ದ ಗುಂಡಿ ತೋಡಿದರೆ ನೀರು ಜಿನುಗುತ್ತದೆ, ಅಲ್ವಾ?

ಇದರ ಖರ್ಚು ಮೊದಲು ಕಾಣುವುದು ಕೊಯ್ಲಿನಲ್ಲಿ. ಭತ್ತ ಹಣ್ಣಾಗಿದೆ, ಗದ್ದೆ ಒಣಗಿಲ್ಲ. ಟೈರಿನ ಮಷೀನು ಇಳಿಯಲ್ಲ, ಹೂತುಕೊಳ್ಳುತ್ತದೆ. ಚೈನ್ ಮಷೀನು ಬೇಕು. ಅದರ ಗಂಟೆ ಬಾಡಿಗೆ ಜಾಸ್ತಿ, ಕೆಸರಲ್ಲಿ ಗಂಟೆಗಳೂ ಜಾಸ್ತಿ. ಹುಲ್ಲು ಕೆಸರಲ್ಲಿ ಕೊಳೆತು ದನಕ್ಕೂ ಸಿಗಲ್ಲ. ಈ ದುಡ್ಡನ್ನು ಯಾರೂ ಬಸಿಗಾಲುವೆ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ. ಬರೆದು ನೋಡಿ.

ಎರಡನೆಯದು ಕಣ್ಣಿಗೆ ಬೇಗ ಕಾಣುವುದಿಲ್ಲ. ಉಪ್ಪು. ಎಷ್ಟೇ ಸಿಹಿಯಾದ ನೀರಲ್ಲೂ ಸ್ವಲ್ಪ ಉಪ್ಪು ಕರಗಿರುತ್ತದೆ. ಲೀಟರಿಗೆ 200 ಮಿಲಿಗ್ರಾಂ ಅಂತ ಹಿಡಿಯೋಣ, ಅದು ಕುಡಿಯಲು ಒಳ್ಳೆಯ ನೀರೇ. ಭತ್ತಕ್ಕೆ ಒಂದು ಬೆಳೆಗೆ 1200 ಮಿ.ಮೀ. ನೀರು ಕೊಟ್ಟರೆ ಎಕರೆಗೆ 48 ಲಕ್ಷ ಲೀಟರ್ ದಾಟುತ್ತದೆ. ಅದರ ಜೊತೆ ಬಂದ ಉಪ್ಪು ಸುಮಾರು 10 ಕ್ವಿಂಟಲ್. ಒಂದು ಬೆಳೆಗೆ, ಒಂದು ಎಕರೆಗೆ. 50 ಕೆ.ಜಿ.ಯ ಇಪ್ಪತ್ತು ಚೀಲ ಉಪ್ಪು ತಂದು ಗದ್ದೆಗೆ ಎರಚಿದ ಹಾಗೆ. ನೀರು ಬಿಸಿಲಿಗೆ ಆವಿಯಾಗಿ ಹೋಗುತ್ತದೆ, ಬೆಳೆ ಕುಡಿಯುತ್ತದೆ, ಉಪ್ಪು ಮಾತ್ರ ಎಲ್ಲೂ ಹೋಗಲ್ಲ. ಅದಕ್ಕೆ ಇರುವ ದಾರಿ ಒಂದೇ, ಬಸಿಯುವ ನೀರಿನ ಜೊತೆ ಹೊರಗೆ ಹೋಗುವುದು. ಬಸಿಗಾಲುವೆ ಕಟ್ಟಿಕೊಂಡಿದ್ದರೆ ಆ ದಾರಿಯೂ ಮುಚ್ಚಿತು. ಬೇಸಿಗೆಯಲ್ಲಿ ಅಡಿನೀರು ಮಣ್ಣಿನ ಸಣ್ಣ ಸಂದುಗಳಲ್ಲಿ ಮೇಲೇರಿ ಆವಿಯಾಗುತ್ತದೆ, ಬದುವಿನ ಮೇಲೆ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಚೌಳು ಶುರು.

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆ ಹೋಗಿ ಬಂದವರು ನಿಮ್ಮಲ್ಲೂ ಇರಬಹುದು. ಅಲ್ಲಿನ ಎರೆ ಭೂಮಿಯಲ್ಲಿ ಭತ್ತ ಬೆಳೆದು ಬೆಳೆದು ಸಾವಿರಾರು ಎಕರೆ ಚೌಳಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ನೆಲದಡಿ ಪೈಪು ಹಾಕಿ ಅಂಥ ಭೂಮಿ ಸರಿಪಡಿಸುವ ಕೆಲಸ ವರ್ಷಗಟ್ಟಲೆ ಮಾಡಿದ್ದಾರೆ. ನಮ್ಮ ಭಾಗ ಅಷ್ಟು ಕೆಟ್ಟಿಲ್ಲ. ನಮ್ಮಲ್ಲಿ ಇಳಿಜಾರು ಇದೆ, ಸೂಳೆಕೆರೆ ಹಳ್ಳ, ಶ್ಯಾಗಲೆ ಹಳ್ಳ ಇವೆ, ಕೆಳಗೆ ತುಂಗಭದ್ರಾ ನದಿ ಇದೆ. ನೀರು ಹೋಗಲು ಜಾಗ ಕೊಟ್ಟೇ ದೇವರು ಕಳಿಸಿದ್ದಾನೆ. ಆ ಜಾಗ ಮುಚ್ಚಿದ್ದು ನಾವು.

ಹೇಗೆ ಮುಚ್ಚಿದೆವು? ಹೂಳು ತಾನಾಗಿ ಬಂತು, ಜೊಂಡು, ಆಪು ತಾನಾಗಿ ಬೆಳೆಯಿತು. ಬಸಿಗಾಲುವೆ ತುಂಬ ಜೊಂಡಿದ್ದರೆ ಅದರ ಹರಿವು ಮೂರನೇ ಒಂದು ಭಾಗಕ್ಕೆ ಇಳಿಯಬಹುದು. ಉಳಿದದ್ದು ನಮ್ಮ ಕೆಲಸ. ಪ್ರತಿ ವರ್ಷ ಉಳುವಾಗ ಒಂದು ಗೇಣು ಒಳಗೆ ಸರಿದು ಸರಿದು ಹತ್ತಡಿ ಬಸಿಗಾಲುವೆ ನಾಲ್ಕಡಿ ಆಯಿತು. ಟ್ರ್ಯಾಕ್ಟರ್ ದಾಟಿಸಲು ಸಿಕ್ಕ ಪೈಪು ಹಾಕಿ ಮಣ್ಣು ಮುಚ್ಚಿದೆವು. ಪೈಪಿನ ವಿಷಯದಲ್ಲಿ ಒಂದು ಮಾತು ನೆನಪಿಡಿ. ಎರಡಡಿ ಪೈಪು ಒಂದಡಿ ಪೈಪಿನ ಎರಡು ಪಟ್ಟು ನೀರು ಒಯ್ಯುತ್ತದೆ ಅಂದುಕೊಂಡಿದ್ದೀರಿ. ಅಲ್ಲ, ಅದೇ ಇಳಿಜಾರಿನಲ್ಲಿ ಆರು ಪಟ್ಟು ಒಯ್ಯುತ್ತದೆ. ಸ್ವಲ್ಪ ದುಡ್ಡು ಉಳಿಸಲು ಸಣ್ಣ ಪೈಪು ಹಾಕಿದವರು ಮೇಲಿನ ಇಡೀ ಬಯಲಿನ ಕತ್ತು ಹಿಡಿದ ಹಾಗೆ.

ಇನ್ನು ಅಡ್ಡಗಟ್ಟೆ. ಇದು ಸೂಕ್ಷ್ಮ ವಿಷಯ, ಆದರೂ ಹೇಳಲೇಬೇಕು. ಕೊನೆ ಭಾಗಕ್ಕೆ ನಾಲೆ ನೀರು ಸರಿಯಾಗಿ ಬರುವುದಿಲ್ಲ. ಹಾಗಾಗಿ ಕೊನೆ ಭಾಗದವರು ಬಸಿಗಾಲುವೆಗೆ ಮಣ್ಣಿನ ಚೀಲ ಜೋಡಿಸಿ ನೀರು ನಿಲ್ಲಿಸಿ ಮೋಟಾರ್ ಇಡುತ್ತಾರೆ. ಮೇಲಿನವರಿಗೆ ಅದು ಬೇಡದ ನೀರು, ಕೆಳಗಿನವರಿಗೆ ಅದೇ ಜೀವ. ದೇವರಬೆಳಕೆರೆ ಪಿಕಪ್, ಅಂದರೆ ಅಲ್ಲಿನ ಸಣ್ಣ ಅಣೆಕಟ್ಟು ಕೂಡ ಶ್ಯಾಗಲೆ ಹಳ್ಳದ ನೀರು ಹಿಡಿದೇ ಕೊನೆ ಭಾಗಕ್ಕೆ ಕೊಡುವುದು, ಅದರ ಹಿನ್ನೀರಿನ ಕಡೆ ಮಳೆಗಾಲದಲ್ಲಿ ಗದ್ದೆ ಮುಳುಗುವ ಜಗಳವೂ ನಿಮಗೆ ಗೊತ್ತು. ಆದ್ದರಿಂದ ಯಾರೋ ಬಂದು ಅಡ್ಡಗಟ್ಟೆ ಎಲ್ಲ ಒಡೆಯಿರಿ ಅಂದರೆ ನಾನು ಒಪ್ಪಲ್ಲ. ಮಣ್ಣಿನ ಚೀಲದ ತೊಂದರೆ ಏನೆಂದರೆ ಅದನ್ನು ಮಳೆ ಬಂದಾಗ ತೆಗೆಯಲು ಆಗುವುದಿಲ್ಲ, ತೆಗೆಯುವವರೂ ಇರುವುದಿಲ್ಲ. ಅದರ ಬದಲು ಎರಡು ಪಕ್ಕ ಕಲ್ಲು ಸಿಮೆಂಟಿನ ಗೋಡೆ ಕಟ್ಟಿ, ಅದರಲ್ಲಿ ಸೀಳು ಬಿಟ್ಟು, ಹಲಗೆ ಇಳಿಸುವ ಹಾಗೆ ಮಾಡಿ. ಒಣ ದಿನಗಳಲ್ಲಿ ಎರಡು ಹಲಗೆ ಇರಲಿ, ಕೆಳಗಿನವರು ನೀರು ಎತ್ತಿಕೊಳ್ಳಲಿ. ಮಳೆ ಹಿಡಿಯಿತು ಅಂದರೆ, ಕೊಯ್ಲು ಹತ್ತಿರ ಬಂತು ಅಂದರೆ ಹಲಗೆ ತೆಗೆಯಬೇಕು. ತೆಗೆಯುವ ಜವಾಬ್ದಾರಿ ಯಾರದ್ದು ಅಂತ ಮೊದಲೇ ಬರೆದಿಡಿ. ನಾಲೆ ನೀರು ಬಿಡುವ ಸೌಡಿಗೆ ವಹಿಸಿದರೂ ಸರಿ, ಮೋಟಾರ್ ಇಟ್ಟವರಿಗೇ ವಹಿಸಿದರೂ ಸರಿ. ನಮ್ಮ ಕಡೆಯ ಬಸಿಗಾಲುವೆ ಜಗಳಗಳಲ್ಲಿ ಅರ್ಧ ಇದರಲ್ಲೇ ಮುಗಿಯುತ್ತವೆ ಅಂತ ನನಗೆ ಗಟ್ಟಿ ನಂಬಿಕೆ ಇದೆ.

ಸ್ವಲ್ಪ ದಾರಿ ಬಿಟ್ಟು ದೂರದ ಊರಿನ ಕತೆ ಹೇಳುತ್ತೇನೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜಿನೀವಾ ಅಂತ ಒಂದು ಊರು. ಸ್ಕಾಟ್ಲೆಂಡಿನಿಂದ ಹೋಗಿ ಅಲ್ಲಿ ಬೇಸಾಯ ಮಾಡುತ್ತಿದ್ದ ಜಾನ್ ಜಾನ್‌ಸ್ಟನ್ ಎಂಬುವವರು 1838ರಲ್ಲಿ ಸುಟ್ಟ ಮಣ್ಣಿನ ಕೊಳವೆಗಳನ್ನು ಹೊಲದಡಿ ಸಾಲಾಗಿ ಹೂತರು. ಕೊಳವೆ ಕೊಳವೆಯ ನಡುವಿನ ಸಣ್ಣ ಸಂದಿನಿಂದ ಅಡಿನೀರು ಒಳಗೆ ಬಂದು ಹೊರಗೆ ಹರಿಯಿತು, ಜೌಗು ಹೊಲದಲ್ಲಿ ಗೋಧಿ ಬೆಳೆಯಿತು. ಆಮೇಲೆ ಅಯೋವಾ, ಇಲಿನಾಯ್, ಓಹಾಯೋ ಕಡೆ ಲಕ್ಷಾಂತರ ಎಕರೆಗೆ ಇದೇ ಕೊಳವೆ ಹಾಕಿದರು. ಅವುಗಳಲ್ಲಿ ಎಷ್ಟೋ ಸಾಲುಗಳಿಗೆ ಈಗ ನೂರು ವರ್ಷ ದಾಟಿದೆ. ಒಡೆದಿವೆ, ಬೇರು ಹೊಕ್ಕಿದೆ, ಇಂದಿನ ಬೇಸಾಯಕ್ಕೆ ಅಳತೆ ಸಾಲುತ್ತಿಲ್ಲ. ಎಷ್ಟೋ ಕಡೆ ಕೊಳವೆ ಎಲ್ಲಿದೆ ಅಂತ ತೋರಿಸುವ ನಕ್ಷೆಯೇ ಇಲ್ಲ. ಅಂದರೆ ನಮ್ಮದೇ ಕಷ್ಟ. ಆದರೆ ಅಲ್ಲಿ ಒಂದು ಏರ್ಪಾಡು ನೋಡಿ. ಒಂದು ಹಳ್ಳಕ್ಕೆ ನೀರು ಬಿಡುವ ಜಮೀನಿನವರೆಲ್ಲ ಕಾನೂನಿನ ಪ್ರಕಾರ ಒಂದು ಗುಂಪು. ಯಾರಿಗೆ ಎಷ್ಟು ಅನುಕೂಲವೋ ಅಷ್ಟು ದುಡ್ಡು ಹಾಕುತ್ತಾರೆ, ಆ ದುಡ್ಡಿನಿಂದ ಮುಖ್ಯ ಬಸಿಗಾಲುವೆ ನೋಡಿಕೊಳ್ಳುತ್ತಾರೆ. ಊರಿನ ಗಡಿ ಮುಖ್ಯ ಅಲ್ಲ, ಹಳ್ಳ ಮುಖ್ಯ. ನಮ್ಮಲ್ಲೂ ನೀರು ಬಳಕೆದಾರರ ಸಹಕಾರ ಸಂಘಗಳಿವೆ. ಅವು ತೂಬಿನ ಲೆಕ್ಕದಲ್ಲಿ, ನಾಲೆಯ ಲೆಕ್ಕದಲ್ಲಿ ಆದವು. ಒಂದು ಹಳ್ಳಕ್ಕೆ ಸೇರುವ ಸಂಘಗಳು ಒಟ್ಟಿಗೆ ಕೂತರೆ ಮಾತ್ರ ಬಸಿಗಾಲುವೆ ಕೆಲಸ ಆಗುತ್ತದೆ.

ಈಗ ಕೆಲಸದ ಮಾತು. ಮೊದಲು ಗ್ರಾಮ ನಕ್ಷೆ ತೆಗೆಸಿ. ಹಳೆಯ ಹಳ್ಳಗಳು ಅದರಲ್ಲಿ ಇರುತ್ತವೆ. ಪಹಣಿಯಲ್ಲಿ ಬಿ ಖರಾಬು ಅಂತ ಇದ್ದರೆ ಅದು ಸಾರ್ವಜನಿಕ ಜಾಗ, ಯಾರ ಸ್ವಂತವೂ ಅಲ್ಲ. ಭೂಮಾಪಕರನ್ನು ಕರೆಸಿ ಗುರುತು ಹಾಕಿಸುವ ಮೊದಲು ಎರಡೂ ಪಕ್ಕದ ಜಮೀನಿನವರನ್ನು ಕೂರಿಸಿ ಮಾತಾಡಿ. ಬಹಳಷ್ಟು ಕಡೆ ಮಾತಲ್ಲೇ ಆಗುತ್ತದೆ.

ನಕ್ಷೆ ಹಿಡಿದು ನಡೆಯಬೇಕು. ಎಲ್ಲಿಂದ? ಕೆಳಗಿನಿಂದ. ಬಸಿಗಾಲುವೆ ಹಳ್ಳಕ್ಕೆ ಬೀಳುವ ಬಾಯಿಯಿಂದ ಮೇಲಕ್ಕೆ. ಜೆಸಿಬಿ ಬಂದ ತಕ್ಷಣ ನಾವು ಮಾಡುವುದು ಉಲ್ಟಾ, ರಸ್ತೆ ಪಕ್ಕ ಇಳಿಸಿ ಹತ್ತಿರದ ಗದ್ದೆಯಿಂದ ತೋಡಿಸುತ್ತೇವೆ, ದುಡ್ಡು ಮುಗಿದಲ್ಲಿಗೆ ನಿಲ್ಲಿಸುತ್ತೇವೆ. ಕೆಳಗೆ ಎರಡಡಿ ಹೂಳು ಹಾಗೇ ಇದ್ದರೆ ಮೇಲೆ ತೋಡಿದ್ದು ಉದ್ದನೆಯ ಹೊಂಡ ಆಗುತ್ತದೆ ಅಷ್ಟೇ. ಮುಂದಿನ ಮಳೆಗೆ ಅದೂ ತುಂಬಿಕೊಳ್ಳುತ್ತದೆ. ದುಡ್ಡು ಅರ್ಧಕ್ಕೇ ಇದ್ದರೆ ಕೆಳಗಿನ ಅರ್ಧ ಮಾಡಿ, ಮೇಲಿನವರು ಒಂದು ವರ್ಷ ಕಾಯಲಿ. ಇದು ಹೇಳಲು ಸುಲಭ, ಮೇಲಿನವರನ್ನು ಒಪ್ಪಿಸುವುದು ಕಷ್ಟ, ನನಗೂ ಗೊತ್ತು. ಆದರೂ ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಮಟ್ಟ ನೋಡದೆ ತೋಡಿಸಬೇಡಿ. 1000 ಅಡಿಗೆ 1 ಅಡಿ ಇಳಿಜಾರಿದ್ದರೂ ನೀರು ಹೋಗುತ್ತದೆ, ಆದರೆ ಒಂದೇ ಸಮ ಇರಬೇಕು. ಎಲ್ಲೋ ಒಂದು ಕಡೆ ಜಾಸ್ತಿ ಆಳ ಹೋದರೆ ಅಲ್ಲಿ ನೀರು ನಿಂತು ಜೊಂಡು ಮತ್ತೆ ಹುಟ್ಟುತ್ತದೆ. ಎರೆ ಮಣ್ಣಲ್ಲಿ ನೆಟ್ಟಗೆ ಗೋಡೆ ಥರ ಕೊರೆಯಬೇಡಿ, ಒಂದೇ ಮಳೆಗೆ ಕುಸಿಯುತ್ತದೆ. ಒಂದಡಿ ಆಳಕ್ಕೆ ಒಂದೂವರೆ ಅಡಿ ಓರೆ ಬಿಡಿ. ತೆಗೆದ ಹೂಳನ್ನು ದಡದ ಅಂಚಿಗೇ ಗುಡ್ಡೆ ಹಾಕಿದರೆ ಮಳೆಗೆ ವಾಪಸ್ ಒಳಗೇ ಬರುತ್ತದೆ, ಜೊತೆಗೆ ಗದ್ದೆಯ ನೀರು ಬಸಿಗಾಲುವೆಗೆ ಇಳಿಯದ ಹಾಗೆ ಕಟ್ಟೆಯೂ ಆಗುತ್ತದೆ. ದೂರ ಹಾಕಿ ಹರಡಿ. ಗದ್ದೆಯಿಂದ ನೀರು ಬೀಳುವ ಜಾಗಕ್ಕೆ ಒಂದು ತುಂಡು ಪೈಪು, ಕೆಳಗೆ ನಾಲ್ಕು ಕಲ್ಲು ಇಡಿ, ದಡ ಕೊರೆಯುವುದಿಲ್ಲ.

ಆಳದ ಬಗ್ಗೆ ಇನ್ನೂ ಒಂದು ಮಾತು. ಹೂಳು ಬಂದರೆ ಮಳೆ ನೀರು ನಿಧಾನ ಹೋಗುತ್ತದೆ ಅಂತ ಮಾತ್ರ ನಾವು ಅಂದುಕೊಳ್ಳುತ್ತೇವೆ. ಅದಕ್ಕಿಂತ ಮುಖ್ಯ ಏನೆಂದರೆ, ಅಕ್ಕಪಕ್ಕದ ಅಡಿನೀರನ್ನು ತನ್ನ ತಳಕ್ಕಿಂತ ಕೆಳಗೆ ಇಳಿಸಲು ಬಸಿಗಾಲುವೆಗೆ ಆಗುವುದಿಲ್ಲ. ತಳ ಎರಡಡಿ ಮೇಲೆ ಬಂತು ಅಂದರೆ ಪಕ್ಕದ ಹೊಲದ ಅಡಿನೀರೂ ಹೆಚ್ಚುಕಡಿಮೆ ಅಷ್ಟೇ ಮೇಲೆ ಬಂತು. ಅಡಿಕೆ ಹಾಕಿದವರು ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಬೇಕು. ಗದ್ದೆಗೆ ಮಣ್ಣು ಏರಿಸಿ ಅಡಿಕೆ ಇಡುತ್ತಿದ್ದೀರಿ, ಸಾಲಿನ ನಡುವೆ ಬಸಿಗಾಲುವೆಯನ್ನೂ ತೆಗೆಯುತ್ತೀರಿ, ಆದರೆ ಹೊರಗಿನ ದೊಡ್ಡ ಬಸಿಗಾಲುವೆ ಮಟ್ಟ ಮೇಲಿದ್ದರೆ ತೋಟದ ಕಾಲುವೆಯಲ್ಲಿ ನೀರು ನಿಂತೇ ಇರುತ್ತದೆ. ಗಿಡ ಹಳದಿ ಆಗುತ್ತದೆ, ನೀವು ಗೊಬ್ಬರದ ಅಂಗಡಿಗೆ ಹೋಗುತ್ತೀರಿ. ಬೇರಿಗೆ ಉಸಿರಾಡಲು ಗಾಳಿ ಇಲ್ಲದಿದ್ದರೆ ಯಾವ ಗೊಬ್ಬರ ಏನು ಮಾಡುತ್ತದೆ? ಏರಿಸಿದ ಮಣ್ಣು ಪಕ್ಕದವರ ನೀರಿನ ದಾರಿ ಮುಚ್ಚಿದೆಯಾ ಅಂತಲೂ ನೋಡಿ.

ಹಿಂದೆ ಕೂತಿರುವ ಯಜಮಾನರು ಚೌಳು ಭೂಮಿಗೆ ಜಿಪ್ಸಂ ಹಾಕಿದರೆ ಸರಿಹೋಗುತ್ತದಾ ಅಂತ ಕೇಳಿದರು. ಯಜಮಾನ್ರೆ, ಒಳ್ಳೆಯ ಪ್ರಶ್ನೆ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಕತ್ತಲಗೆರೆಯಲ್ಲಿ ಸಂಶೋಧನಾ ಕೇಂದ್ರ ಇದೆ, ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಅಲ್ಲಿ ಕೇಳಿ. ಚೌಳಿನಲ್ಲಿ ಎರಡು ಥರ. ಒಂದರಲ್ಲಿ ಬರೀ ಉಪ್ಪು ಜಾಸ್ತಿ, ಅದಕ್ಕೆ ಜಿಪ್ಸಂ ಬೇಕಿಲ್ಲ, ಒಳ್ಳೆಯ ನೀರು ನಿಲ್ಲಿಸಿ ಬಸಿದರೆ ತೊಳೆದು ಹೋಗುತ್ತದೆ. ಇನ್ನೊಂದರಲ್ಲಿ ಸೋಡಿಯಂ ಮಣ್ಣಿಗೇ ಅಂಟಿಕೊಂಡಿರುತ್ತದೆ, ರಸಸಾರ (pH) 8.5 ದಾಟಿರುತ್ತದೆ, ಮಣ್ಣು ಒಣಗಿದರೆ ಕಲ್ಲು, ನೆಂದರೆ ಅಂಟು. ಅದಕ್ಕೆ ಜಿಪ್ಸಂ ಬೇಕು. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿಗೆ ಅಂಟಿ ಸೋಡಿಯಂ ಅನ್ನು ಬಿಡಿಸುತ್ತದೆ. ಬಿಡಿಸಿದ ಸೋಡಿಯಂ ನೀರಿನ ಜೊತೆ ಹೊರಗೆ ಹೋಗಬೇಕು. ಹೋಗಲು ದಾರಿ ಇಲ್ಲದಿದ್ದರೆ ಅದು ಅಲ್ಲೇ ಇರುತ್ತದೆ, ನಿಮ್ಮ ದುಡ್ಡು ಮಾತ್ರ ಹೋಗುತ್ತದೆ. ಹಸಿರೆಲೆ ಗೊಬ್ಬರದ ಡಯಾಂಚ ಬೆಳೆದು ಮಣ್ಣಿಗೆ ಸೇರಿಸುವುದೂ ಒಳ್ಳೆಯದೇ, ಅದಕ್ಕೂ ಇದೇ ಮಾತು.

ನೆಲದಡಿ ಪೈಪಿನ ಬಗ್ಗೆ ಹುಡುಗರು ತುಂಬ ಉತ್ಸಾಹದಲ್ಲಿದ್ದಾರೆ, ವೀಡಿಯೊ ನೋಡಿದ್ದಾರೆ. ಒಳ್ಳೆಯ ವಿಧಾನವೇ. ತೂತು ಇರುವ, ಸುಕ್ಕುಸುಕ್ಕಾದ ಪಿವಿಸಿ ಪೈಪು, ಸಾಮಾನ್ಯವಾಗಿ 80 ಮಿ.ಮೀ. ದಪ್ಪದ್ದು, ಸುತ್ತ ಸೋಸುವ ಬಟ್ಟೆ ಸುತ್ತಿರುತ್ತದೆ. ಸುಮಾರು ಒಂದು ಮೀಟರ್ ಆಳದಲ್ಲಿ ಸಾಲಾಗಿ ಹೂಳುತ್ತಾರೆ. ಎರೆ ಭೂಮಿಯಲ್ಲಿ ಸಾಲು ಹತ್ತಿರ ಹತ್ತಿರ ಬೇಕಾಗುತ್ತದೆ, ಅದಕ್ಕೇ ಖರ್ಚು ಜಾಸ್ತಿ. ಆದರೆ ಆ ಪೈಪು ಎಲ್ಲಿಗೆ ನೀರು ಬಿಡುತ್ತದೆ? ಅದೇ ಬಸಿಗಾಲುವೆಗೆ. ಪೈಪಿನ ಬಾಯಿ ಬಸಿಗಾಲುವೆಯ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಒಂದು ಮೀಟರ್ ಆಳದ ಪೈಪು ಮೂರಡಿಯೂ ಆಳ ಇಲ್ಲದ ಬಸಿಗಾಲುವೆಗೆ ಹೇಗೆ ನೀರು ಬಿಡುತ್ತದೆ? ಹಾಗಾಗಿ ಮೊದಲು ತೆರೆದ ಬಸಿಗಾಲುವೆ, ಆಮೇಲೂ ಅಡಿನೀರು ಇಳಿಯದ ಜಾಗಕ್ಕೆ ಮಾತ್ರ ಪೈಪು. ಹಾಕಿಸಿದವರು ನಕ್ಷೆ ಬರೆಸಿ ಮನೆಯಲ್ಲಿ ಒಂದು, ಸಂಘದಲ್ಲಿ ಒಂದು ಇಡಿ.

ಚಿತ್ರದುರ್ಗ ಕಡೆಯಿಂದ ಬಂದವರು ಇದು ನಮಗ್ಯಾಕೆ ಅನ್ನಬಹುದು. ಹಿರಿಯೂರಿನವರಿಗೆ 1907ರಿಂದ ವಾಣಿವಿಲಾಸ ಸಾಗರ ಇದೆ, ಅಲ್ಲಿನ ಅಚ್ಚುಕಟ್ಟು ನಮ್ಮದಕ್ಕಿಂತ ಹಳೆಯದು. ಇನ್ನು ಭದ್ರಾ ಮೇಲ್ದಂಡೆಯಲ್ಲಿ 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಅಂತ ಯೋಜನೆ ಇದೆ. ಹನಿಯಲ್ಲೇ ಉಳಿದರೆ ಜೌಗಿನ ಭಯ ಕಡಿಮೆ. ಆದರೆ ನೀರು ಬಂದ ಮೇಲೆ ಬೆಳೆ ಬದಲಾಗುತ್ತದೆ, ಅದನ್ನು ನಾವು ಇಲ್ಲಿ ನೋಡಿದ್ದೇವೆ. ನಿಮ್ಮ ಹಳ್ಳಗಳು ಈಗ ಒಣಗಿವೆ, ಆದ್ದರಿಂದಲೇ ಒತ್ತುವರಿ ಸುಲಭ. ಈಗಲೇ ಗುರುತು ಹಾಕಿಸಿಕೊಳ್ಳಿ.

ದುಡ್ಡು ಎಲ್ಲಿಂದ ಅಂತ ಕೇಳಿದಿರಿ. ದೊಡ್ಡ ಬಸಿಗಾಲುವೆಗೆ ನೀರಾವರಿ ಇಲಾಖೆ, ಕಾಡಾ, ಅಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ. ಅರ್ಜಿಯನ್ನು ಒಬ್ಬೊಬ್ಬರು ಕೊಡಬೇಡಿ, ಒಂದು ಹಳ್ಳದ ಎಲ್ಲ ಸಂಘಗಳೂ ಸೇರಿ ಒಂದೇ ಅರ್ಜಿ ಕೊಡಿ, ಜೊತೆಗೆ ನಕ್ಷೆ ಇರಲಿ, ಮೋರಿಗಳ ಪಟ್ಟಿ ಇರಲಿ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಕೆಲಸದ ಪಟ್ಟಿಯಲ್ಲೇ ಜೌಗು ಪ್ರದೇಶದ ನೀರು ಹೊರಹಾಕುವ ಕೆಲಸ ಇತ್ತು, ಆದ್ದರಿಂದ ಸಣ್ಣ ಕಾಲುವೆಗಳಿಗೆ ಪಂಚಾಯಿತಿಯಲ್ಲೂ ಕೇಳಿ. ಜೊಂಡು ಕೊಯ್ಯುವುದು ಮಾತ್ರ ಪ್ರತಿ ವರ್ಷದ ಕೆಲಸ, ಅದಕ್ಕೆ ಯಾರ ದಾರಿಯನ್ನೂ ಕಾಯಬೇಡಿ, ಎಕರೆಗೆ ಇಷ್ಟು ಅಂತ ಹಾಕಿಕೊಳ್ಳಿ. ಬೇಸಿಗೆ ಭತ್ತ ಕೊಯ್ದು ನಾಲೆ ಬಂದ್ ಆದ ಮೇಲೆ ಮಳೆ ಹಿಡಿಯುವ ಮೊದಲು ಸಿಗುವ ಕೆಲವೇ ವಾರಗಳು ಈ ಕೆಲಸಕ್ಕೆ.

ಅರ್ಜಿ ಕೊಡುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಎರಡು ಇಂಚಿನ ಪಿವಿಸಿ ಪೈಪು, ಎಂಟಡಿ ಉದ್ದ. ಕೆಳಗಿನ ಅರ್ಧಕ್ಕೆ ತೂತು ಕೊರೆದು ಬಟ್ಟೆ ಸುತ್ತಿ, ಏಳಡಿ ಗುಂಡಿ ತೋಡಿ ನಿಲ್ಲಿಸಿ, ಮೇಲೆ ಮುಚ್ಚಳ ಹಾಕಿ. ಒಂದು ಹಳ್ಳಕ್ಕೆ ಮೂರು ಕಡೆ ಸಾಕು, ಮೇಲೆ, ನಡುವೆ, ಕೆಳಗೆ. ಹದಿನೈದು ದಿನಕ್ಕೊಮ್ಮೆ ಕೋಲು ಇಳಿಸಿ ನೀರು ನೆಲದಿಂದ ಎಷ್ಟು ಕೆಳಗಿದೆ ಅಂತ ಅಳೆದು ಸಂಘದ ಪುಸ್ತಕದಲ್ಲಿ ಬರೆಯಿರಿ. ಒಂದು ವರ್ಷ ಬರೆದರೆ ಯಾವ ತಿಂಗಳು ಎಲ್ಲಿ ನೀರು ಏರುತ್ತದೆ ಅಂತ ಅದರಲ್ಲೇ ಕಾಣುತ್ತದೆ. ಮುಂದಿನ ವರ್ಷ ಸೇರುವಾಗ ಆ ಪುಸ್ತಕ ತನ್ನಿ, ಅದನ್ನು ಮುಂದಿಟ್ಟುಕೊಂಡು ಯಾವ ಬಸಿಗಾಲುವೆ ಮೊದಲು ಅಂತ ತೀರ್ಮಾನ ಮಾಡೋಣ.